ನಾಲ್ಕನೆಯ ತೊಟ್ಟಿನಲ್ಲಿ ಹಾಲೇಕೆ ಬರಲಿಲ್ಲ?

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಹಸುವಿದೆ? ಬೆಳಿಗ್ಗೆ ಶಾಲೆಗೆ ಬರುವ ಮೊದಲು ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬರುವವರು ಎಷ್ಟು ಜನ? ನಮ್ಮ ಹಾಸನ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ಬಹಳಷ್ಟು ಕೈಗಳು ಮೇಲೇಳುವುದನ್ನು ನಾನು ನೋಡಿದ್ದೇನೆ.

ಒಂದು ಮಳೆಗಾಲದಲ್ಲಿ ಸಾಲಗಾಮೆ ಹೋಬಳಿಯ ಒಂದು ಶಾಲೆಗೆ ಹೋಗಿದ್ದೆ. ಏಳನೆಯ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ. ಮೊಸರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಒಬ್ಬೊಬ್ಬರಿಗೇ ತೋರಿಸುತ್ತಿದ್ದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಸಾರ್, ನಮ್ಮನೆ ಹಸೀಗೆ ನಾಕು ತೊಟ್ಟಲ್ಲಿ ಮೂರಲ್ಲೇ ಹಾಲು ಬರೋದು. ಮುಂದಿನ ಎಡಗಡೇದು ಒಣಗೋಗೈತೆ. ಯಾಕೆ ಸಾರ್?”

“ದೃಷ್ಟಿ ಆಗಿರ್ಬೇಕು ಸಾರ್” ಎಂದ ಪಕ್ಕದ ಹುಡುಗ. ತರಗತಿಯೆಲ್ಲ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. ಅವಳ ಮನೆಗೆ ಆ ಹಸುವೇ ದೊಡ್ಡ ಆಧಾರವಾಗಿತ್ತು.

“ಹೋದ ವರ್ಷ ಆ ಹಸುವಿಗೆ ಕೆಚ್ಚಲು ಬಾವು ಬಂದಿತ್ತಾ?” ಎಂದು ಕೇಳಿದೆ.

“ಹೂಂ ಸಾರ್. ಊದ್ಕೊಂಡಿತ್ತು. ಆಮೇಲೆ ಇಳೀತು. ಹಾಲು ಮಾತ್ರ ಬರ್ಲಿಲ್ಲ.”

ಅವಳ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ದೃಷ್ಟಿ ಬೇಕು ನಿಜ. ಆದರೆ ಅದು ಸೂಕ್ಷ್ಮದರ್ಶಕದ ದೃಷ್ಟಿ. ಬನ್ನಿ, ಮೊದಲು ಕೆಚ್ಚಲಿನ ಒಳಗೆ ಏನಿದೆ ಎಂದು ನೋಡೋಣ.

ಕೆಚ್ಚಲು ಒಂದು, ಕೋಣೆಗಳು ನಾಲ್ಕು

ಹೊರಗಿನಿಂದ ನೋಡಿದರೆ ಕೆಚ್ಚಲು ಒಂದೇ ಚೀಲದಂತೆ ಕಾಣುತ್ತದೆ. ಒಳಗೆ ಮಾತ್ರ ಅದು ನಾಲ್ಕು ಭಾಗಗಳಾಗಿದೆ. ಒಂದು ಭಾಗದ ಹಾಲು ಇನ್ನೊಂದು ಭಾಗಕ್ಕೆ ಹರಿಯುವುದಿಲ್ಲ. ಪ್ರತಿ ಭಾಗಕ್ಕೂ ಅದರದೇ ಒಂದು ತೊಟ್ಟು ಇರುತ್ತದೆ. ಹಿಂದಿನ ಎರಡು ಭಾಗಗಳು ದೊಡ್ಡವು. ಒಟ್ಟು ಹಾಲಿನಲ್ಲಿ ಸುಮಾರು ನೂರಕ್ಕೆ 60 ಪಾಲು ಹಿಂದಿನವುಗಳಿಂದಲೂ 40 ಪಾಲು ಮುಂದಿನವುಗಳಿಂದಲೂ ಬರುತ್ತದೆ.

ಪ್ರತಿ ಭಾಗದ ಒಳಗೆ ದ್ರಾಕ್ಷಿ ಗೊಂಚಲಿನಂತೆ ಜೋಡಿಸಿದ ಕೋಟ್ಯಂತರ ಪುಟ್ಟ ಗೂಡುಗಳಿವೆ. ಅವು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಈ ಗೂಡುಗಳ ಗೋಡೆಯಲ್ಲಿರುವ ಜೀವಕೋಶಗಳು ರಕ್ತದಿಂದ ನೀರು, ಸಕ್ಕರೆ, ಪ್ರೋಟೀನಿನ ಘಟಕಗಳು ಮತ್ತು ಕೊಬ್ಬನ್ನು ಹೀರಿಕೊಂಡು ಹಾಲನ್ನು ತಯಾರಿಸುತ್ತವೆ. ಒಂದು ಲೀಟರ್ ಹಾಲು ತಯಾರಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿದುಹೋಗಬೇಕು! ಹಸುವಿನ ಮೈಯಲ್ಲಿ ಅಷ್ಟು ರಕ್ತ ಎಲ್ಲಿದೆ ಎನ್ನುತ್ತೀರಾ? ಇರುವ ರಕ್ತವೇ ಮತ್ತೆ ಮತ್ತೆ ಸುತ್ತಿ ಬರುತ್ತದೆ.

ಹಾಲು ಗೂಡಿನಿಂದ ಕೆಳಗೆ ಇಳಿಯಬೇಕಾದರೆ ಮಿದುಳಿನ ಅಪ್ಪಣೆ ಬೇಕು. ಕರು ಮೂತಿ ತಾಗಿಸಿದಾಗ ಅಥವಾ ಕರೆಯುವವರು ತೊಟ್ಟು ಒರೆಸಿದಾಗ ನರಗಳ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿಯು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲನ್ನು ತಲುಪಿ ಗೂಡುಗಳನ್ನು ಹಿಸುಕುತ್ತದೆ. ಆಗ ಹಸು ಹಾಲು ಇಳಿಸುತ್ತದೆ. ಇದಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಈ ಹಾರ್ಮೋನಿನ ಪ್ರಭಾವ ಉಳಿಯುವುದು ಐದರಿಂದ ಎಂಟು ನಿಮಿಷ ಮಾತ್ರ. ಹಸು ಹೆದರಿದರೆ ಅಥವಾ ಏಟು ತಿಂದರೆ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಬಂದು ಇದನ್ನು ತಡೆಯುತ್ತದೆ. “ಹಸು ಹಾಲು ಏರಿಸ್ಕೊಂಡ್ತು” ಎಂದು ದೊಡ್ಡವರು ಹೇಳುವುದನ್ನು ಕೇಳಿದ್ದೀರಲ್ಲವೆ? ಅದರ ಹಿಂದಿನ ಕಾರಣ ಇದೇ.

ತೊಟ್ಟಿನ ತುದಿಯ ಬಾಗಿಲು

ಈಗ ತೊಟ್ಟಿನ ತುದಿಗೆ ಬರೋಣ. ಅಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಸಣ್ಣ ನಾಳವಿದೆ. ಹಾಲು ಹೊರಗೆ ಬರುವ ದಾರಿ ಇದೊಂದೇ. ರೋಗಾಣುಗಳು ಒಳಗೆ ಹೋಗುವ ಮುಖ್ಯ ದಾರಿಯೂ ಇದೇ.

ಪ್ರಕೃತಿ ಈ ಬಾಗಿಲಿಗೆ ಎರಡು ಕಾವಲು ಇಟ್ಟಿದೆ. ಮೊದಲನೆಯದು ನಾಳದ ಸುತ್ತಲಿರುವ ಉಂಗುರದಂಥ ಸ್ನಾಯು. ಇದು ಚೀಲದ ಬಾಯಿಗೆ ಕಟ್ಟಿದ ದಾರದಂತೆ ನಾಳವನ್ನು ಬಿಗಿಯಾಗಿ ಮುಚ್ಚುತ್ತದೆ. ಎರಡನೆಯದು ನಾಳದ ಒಳಗೋಡೆಗೆ ಅಂಟಿಕೊಂಡಿರುವ ಮೇಣದಂಥ ಪದರ. ಇದರಲ್ಲಿ ಕೆರಟಿನ್ ಇದೆ. ನಮ್ಮ ಉಗುರು ಮತ್ತು ಕೂದಲಿನಲ್ಲಿರುವುದೂ ಕೆರಟಿನ್ನೇ. ಒಳಗೆ ನುಸುಳಲು ಬಂದ ರೋಗಾಣುಗಳು ಈ ಮೇಣಕ್ಕೆ ಅಂಟಿಕೊಂಡು ಸಿಕ್ಕಿಬೀಳುತ್ತವೆ.

ಆದರೆ ಒಂದು ತೊಂದರೆಯಿದೆ. ಹಾಲು ಕರೆದ ಕೂಡಲೇ ಈ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಸ್ನಾಯು ಪೂರ್ತಿ ಬಿಗಿಯಾಗಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಹಸು ಸಗಣಿ, ಗಂಜಲದ ಮೇಲೆ ಮಲಗಿದರೆ ಏನಾಗಬಹುದು? ನೀವೇ ಯೋಚಿಸಿ. ರೋಗಾಣುವಿನ ಗಾತ್ರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ನಮಗೆ ಸೂಜಿಯ ತೂತಿನಷ್ಟು ಕಾಣುವ ಬಾಗಿಲು ಅದಕ್ಕೆ ಊರಬಾಗಿಲಿಗಿಂತ ದೊಡ್ಡದು.

ಒಳಗೆ ನುಗ್ಗುವವರು ಯಾರು?

ಕೆಚ್ಚಲು ಬಾವು ತರುವ ರೋಗಾಣುಗಳಲ್ಲಿ ಮುಖ್ಯವಾಗಿ ಎರಡು ಗುಂಪುಗಳಿವೆ.

ಮೊದಲ ಗುಂಪು ಹಸುವಿನಿಂದ ಹಸುವಿಗೆ ಹರಡುತ್ತದೆ. ಸ್ಟೆಫೈಲೋಕಾಕಸ್ ಆರಿಯಸ್ ಮತ್ತು ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೆ ಈ ಗುಂಪಿನವು. ‘ಅಗಲಾಕ್ಟಿಯೆ’ ಎಂಬ ಹೆಸರು ‘ಹಾಲಿಲ್ಲದ’ ಎಂಬ ಅರ್ಥದ ಗ್ರೀಕ್ ಪದಗಳಿಂದ ಬಂದಿದೆ. ಇವು ಕಾಯಿಲೆ ಬಿದ್ದ ಕೆಚ್ಚಲಿನ ಹಾಲಿನಲ್ಲಿರುತ್ತವೆ. ಇವಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಕರೆಯುವವರ ಕೈ, ಒರೆಸುವ ಬಟ್ಟೆ, ಕರೆಯುವ ಯಂತ್ರದ ರಬ್ಬರ್ ಕೊಳವೆ, ಇವುಗಳೇ ಇವುಗಳ ವಾಹನ.

ಎರಡನೆಯ ಗುಂಪು ಕೊಟ್ಟಿಗೆಯಲ್ಲೇ ಇರುತ್ತದೆ. ಇ. ಕೋಲೈ ಇದಕ್ಕೆ ಒಳ್ಳೆಯ ಉದಾಹರಣೆ. ಸಗಣಿ, ಕೊಚ್ಚೆ, ಒದ್ದೆಯಾದ ಹಾಸು ಹುಲ್ಲು ಇವುಗಳ ಮನೆ. ಮಳೆಗಾಲದಲ್ಲಿ ಕೊಟ್ಟಿಗೆಯ ನೆಲ ಒಣಗುವುದೇ ಇಲ್ಲ. ಅದಕ್ಕೇ ಆಗ ಇವುಗಳ ಕಾಟ ಹೆಚ್ಚು.

ರೋಗಾಣು ಒಳಗೆ ಹೋದ ಮೇಲೆ ಹಾಲೇ ಅದಕ್ಕೆ ಊಟ. ಬೆಚ್ಚಗಿನ ಜಾಗ, ಬೇಕಾದಷ್ಟು ಆಹಾರ. ಅದು ಬೇಗ ಬೇಗ ಹೆಚ್ಚುತ್ತದೆ. ಹಸುವಿನ ದೇಹ ಸುಮ್ಮನಿರುವುದಿಲ್ಲ. ರಕ್ತದಲ್ಲಿರುವ ಬಿಳಿ ರಕ್ತಕಣಗಳನ್ನು ಸೈನಿಕರಂತೆ ಅಲ್ಲಿಗೆ ಕಳುಹಿಸುತ್ತದೆ. ಈ ಹೋರಾಟದಲ್ಲಿ ಹಾಲು ತಯಾರಿಸುವ ಗೂಡುಗಳಿಗೂ ಪೆಟ್ಟು ಬೀಳುತ್ತದೆ. ಬಹಳ ಪೆಟ್ಟಾದರೆ ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಅದು ಹಾಲು ಕೊಡುವುದಿಲ್ಲ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೆ? ಬಾವು ಇಳಿದಿತ್ತು. ಆದರೆ ಅಷ್ಟು ಹೊತ್ತಿಗೆ ಒಳಗಿನ ಗೂಡುಗಳು ಹಾಳಾಗಿದ್ದವು.

ಕಾಣುವ ಬಾವು, ಕಾಣದ ಬಾವು

ಕೆಚ್ಚಲು ಊದಿಕೊಂಡು ಬಿಸಿಯಾಗುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ. ಹಾಲು ನೀರಿನಂತೆ ಅಥವಾ ಒಡೆದ ಮೊಸರಿನಂತೆ ಬರುತ್ತದೆ. ಕೆಲವೊಮ್ಮೆ ರಕ್ತವೂ ಇರುತ್ತದೆ. ಇದು ಕಾಣುವ ಬಾವು. ಇದನ್ನು ಯಾರಾದರೂ ಗುರುತಿಸಬಲ್ಲರು.

ಇನ್ನೊಂದು ಬಗೆಯ ಬಾವು ಇದೆ. ಅದರಲ್ಲಿ ಕೆಚ್ಚಲು ಊದುವುದಿಲ್ಲ. ಹಸು ಮೇವು ಬಿಡುವುದಿಲ್ಲ. ಹಾಲು ಬೆಳ್ಳಗೇ ಇರುತ್ತದೆ. ಆದರೆ ದಿನದಿಂದ ದಿನಕ್ಕೆ ಹಾಲು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇಳಿಯುತ್ತದೆ, ಉಪ್ಪಿನ ಅಂಶ ಏರುತ್ತದೆ. ಡೈರಿಯಲ್ಲಿ ಪರೀಕ್ಷಿಸುವ ಜಿಡ್ಡೇತರ ಘನಾಂಶವೂ ಕಡಿಮೆಯಾಗಬಹುದು. “ಹಿಂಡಿ ಸರಿಯಿಲ್ಲ”, “ಮೇವು ಸಾಲದು” ಎಂದು ಮನೆಯವರು ಅಂದುಕೊಳ್ಳುತ್ತಾರೆ. ಇದೇ ಕಾಣದ ಬಾವು. ಕಾಣುವ ಬಾವಿಗಿಂತ ಇದು ಹಲವು ಪಟ್ಟು ಹೆಚ್ಚಾಗಿರುತ್ತದೆ.

ಕಾಣದ್ದನ್ನು ಕಾಣುವುದು ಹೇಗೆ? 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಮ್ ಮತ್ತು ನೂರ್‌ಲ್ಯಾಂಡರ್ ಎಂಬ ವಿಜ್ಞಾನಿಗಳು ಒಂದು ಸುಲಭ ಪರೀಕ್ಷೆಯನ್ನು ರೂಪಿಸಿದರು. ನಾಲ್ಕು ಗುಳಿಗಳಿರುವ ತಟ್ಟೆಯಲ್ಲಿ ನಾಲ್ಕು ತೊಟ್ಟುಗಳ ಹಾಲನ್ನು ಬೇರೆ ಬೇರೆಯಾಗಿ ಹಿಂಡಿ, ಅದಕ್ಕೆ ಮಾರ್ಜಕ ದ್ರಾವಣ ಸೇರಿಸಿ ತಿರುಗಿಸುವುದು. ಅಷ್ಟೆ! ಇದನ್ನು ‘ಕ್ಯಾಲಿಫೋರ್ನಿಯಾ ಪರೀಕ್ಷೆ’ ಎನ್ನುತ್ತಾರೆ. ಪಶುವೈದ್ಯರು ಇಂದಿಗೂ ಇದನ್ನು ಮಾಡುತ್ತಾರೆ. ಬಟ್ಟೆ ಒಗೆಯುವ ಸೋಪಿನ ಪುಡಿಯಿಂದಲೂ ಇಂಥದೇ ಪರೀಕ್ಷೆ ಮಾಡಬಹುದು.

ಮಾಡಿ ನೋಡಿ
(ಮನೆಯ ದೊಡ್ಡವರ ಜೊತೆಯಲ್ಲಿ ಮಾತ್ರ)

ಬೇಕಾಗುವ ವಸ್ತುಗಳು: ಬಟ್ಟೆ ಸೋಪಿನ ಪುಡಿ 15 ಗ್ರಾಂ, ನೀರು ಅರ್ಧ ಲೀಟರ್, ಒಂದೇ ಅಳತೆಯ ನಾಲ್ಕು ಗಾಜಿನ ಅಥವಾ ಪ್ಲಾಸ್ಟಿಕ್ ಲೋಟ, ಒಂದು ಚಮಚ.

ವಿಧಾನ:
1. ಸೋಪಿನ ಪುಡಿಯನ್ನು ನೀರಿನಲ್ಲಿ ಚೆನ್ನಾಗಿ ಕರಗಿಸಿ.
2. ಲೋಟಗಳ ಮೇಲೆ ‘ಮುಂದೆ ಎಡ’, ‘ಮುಂದೆ ಬಲ’, ‘ಹಿಂದೆ ಎಡ’, ‘ಹಿಂದೆ ಬಲ’ ಎಂದು ಬರೆಯಿರಿ.
3. ಪ್ರತಿ ತೊಟ್ಟಿನ ಮೊದಲ ಎರಡು ಮೂರು ಹಿಂಡಿಕೆಯ ಹಾಲನ್ನು ಬೇರೆ ಪಾತ್ರೆಗೆ ತೆಗೆಯಲು ದೊಡ್ಡವರಿಗೆ ಹೇಳಿ. ಅನಂತರದ ಹಾಲನ್ನು ಒಂದೊಂದು ಚಮಚದಷ್ಟು ಆಯಾ ಲೋಟಕ್ಕೆ ಹಿಂಡಲಿ.
4. ಪ್ರತಿ ಲೋಟಕ್ಕೂ ಒಂದು ಚಮಚ ಸೋಪಿನ ನೀರು ಹಾಕಿ. ಲೋಟವನ್ನು ಒಂದು ನಿಮಿಷ ಮೆಲ್ಲಗೆ ಸುತ್ತುತಿರುಗಿಸಿ.
5. ಲೋಟವನ್ನು ಓರೆ ಮಾಡಿ ನೋಡಿ.

ಗಮನಿಸಿ: ಮಿಶ್ರಣ ನೀರಿನಂತೆ ಹರಿದರೆ ಆ ಭಾಗ ಆರೋಗ್ಯವಾಗಿದೆ. ಲೋಳೆಯ ಎಳೆಗಳು ಕಂಡರೆ ಅನುಮಾನ ಪಡಬೇಕು. ಗಂಜಿಯಂತೆ ಅಥವಾ ಲೋಳೆಸರದ ತಿರುಳಿನಂತೆ ಗಟ್ಟಿಯಾದರೆ ಅಲ್ಲಿ ಕಾಣದ ಬಾವು ಇದೆ ಎಂದು ತಿಳಿದು ಪಶುವೈದ್ಯರಿಗೆ ತೋರಿಸಬೇಕು.

ಏಕೆ ಹೀಗೆ? ಆರೋಗ್ಯವಾದ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಸಾಮಾನ್ಯವಾಗಿ ಎರಡು ಲಕ್ಷಕ್ಕಿಂತ ಕಡಿಮೆ ಕಣಗಳಿರುತ್ತವೆ. ರೋಗ ಬಂದಾಗ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಬರುವುದರಿಂದ ಈ ಸಂಖ್ಯೆ ಹಲವು ಲಕ್ಷಗಳಿಗೆ ಏರುತ್ತದೆ. ಸೋಪು ಈ ಕಣಗಳ ಹೊರಪದರವನ್ನು ಕರಗಿಸುತ್ತದೆ. ಒಳಗಿರುವ ಡಿಎನ್‌ಎ ಎಳೆಗಳು ಹೊರಬಂದು ಒಂದಕ್ಕೊಂದು ಸಿಕ್ಕುಹಾಕಿಕೊಂಡು ಲೋಳೆಯಾಗುತ್ತವೆ. ಕಣಗಳು ಹೆಚ್ಚಾದಷ್ಟೂ ಲೋಳೆ ಹೆಚ್ಚು.

ಎಚ್ಚರಿಕೆ: ಕರು ಹಾಕಿದ ಮೊದಲ ವಾರ ಈ ಪರೀಕ್ಷೆ ಬೇಡ. ಗಿಣ್ಣು ಹಾಲಿನಲ್ಲಿ ಕಣಗಳು ಸಹಜವಾಗಿಯೇ ಹೆಚ್ಚು. ಪರೀಕ್ಷಿಸಿದ ಹಾಲನ್ನು ಕೊಟ್ಟಿಗೆಯಲ್ಲಿ ಚೆಲ್ಲದೆ ದೂರದ ಗುಂಡಿಗೆ ಹಾಕಿ. ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಹಸಿ ಹಾಲಿನ ರುಚಿ ನೋಡಬೇಡಿ.

ಆ ಮನೆಯ ಕೊಟ್ಟಿಗೆಯಲ್ಲಿ

ಮುಂದಿನ ಶನಿವಾರ ಪಶುವೈದ್ಯರೊಬ್ಬರನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದೆವು. ಅವಳ ತರಗತಿಯ ಮಕ್ಕಳೂ ಬಂದಿದ್ದರು. ಕೊಟ್ಟಿಗೆಯಲ್ಲಿ ಎರಡು ಹಸುಗಳಿದ್ದವು. ಒಂದು, ಮೂರು ತೊಟ್ಟಿನದು. ಇನ್ನೊಂದು ಎರಡನೆಯ ಸಲ ಕರು ಹಾಕಿ ಮೂರು ತಿಂಗಳಾಗಿದ್ದ ಮಿಶ್ರತಳಿ ಹಸು. ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

“ಅದಕ್ಕೇನೂ ಆಗಿಲ್ಲ ಸ್ವಾಮಿ. ಹಾಲು ಬೆಳ್ಗೇ ಐತಲ್ಲ” ಎಂದರು ಹಾಲು ಕರೆಯುತ್ತಿದ್ದ ಅಜ್ಜಿ.

ವೈದ್ಯರು ಎರಡೂ ಹಸುಗಳ ಹಾಲನ್ನು ತಟ್ಟೆಗೆ ಹಿಂಡಿ ದ್ರಾವಣ ಹಾಕಿ ತಿರುಗಿಸಿದರು. ಮಿಶ್ರತಳಿ ಹಸುವಿನ ಮೂರು ಗುಳಿಗಳಲ್ಲಿ ಹಾಲು ನೀರಿನಂತೆ ಹರಿದಾಡಿತು. ಹಿಂದಿನ ಬಲಗಡೆಯದು ಮಾತ್ರ ತಟ್ಟೆ ಓರೆ ಮಾಡಿದರೂ ಜಾರಲಿಲ್ಲ. ಲೋಳೆಯಾಗಿ ನಿಂತುಬಿಟ್ಟಿತ್ತು.

ಆ ಹಸುವಿಗೆ ಇದು ಬಂದದ್ದು ಎಲ್ಲಿಂದ? ವೈದ್ಯರು ಕೊಟ್ಟಿಗೆಯ ಸುತ್ತ ಕಣ್ಣಾಡಿಸಿದರು. ಕಂಬದ ಮೊಳೆಯಲ್ಲಿ ಒಂದು ಹಳೆಯ ಬಟ್ಟೆ ನೇತಾಡುತ್ತಿತ್ತು. ಅಜ್ಜಿ ದಿನಕ್ಕೆರಡು ಸಲ ಮೊದಲು ಹಳೆಯ ಹಸುವಿನ ಕೆಚ್ಚಲನ್ನೂ ಅನಂತರ ಹೊಸ ಹಸುವಿನ ಕೆಚ್ಚಲನ್ನೂ ಅದರಿಂದಲೇ ಒರೆಸುತ್ತಿದ್ದರು. ಚೊಕ್ಕಟವಾಗಿರಲಿ ಎಂದೇ ಹಾಗೆ ಮಾಡುತ್ತಿದ್ದರು! ಹಳೆಯ ಹಸುವಿನ ಇನ್ನೊಂದು ತೊಟ್ಟಿನಲ್ಲೂ ರೋಗಾಣು ಉಳಿದಿದೆ ಎಂದು ಪರೀಕ್ಷೆ ತೋರಿಸಿತು. ರೋಗಾಣು ಆ ಬಟ್ಟೆಯನ್ನೋ ಕೈಯನ್ನೋ ಹತ್ತಿ ಹೊಸ ಹಸುವಿಗೆ ದಾಟಿರಬೇಕು ಎಂದರು ವೈದ್ಯರು.

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಆ ಬಟ್ಟೆಯನ್ನು ತೆಗೆದು ಒಲೆಗೆ ಹಾಕಿದರು.

ಇದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ. ಕೈಯೇ ರೋಗವನ್ನು ಸಾಗಿಸಬಹುದು ಎಂಬುದನ್ನು ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೇ ನಂಬಿರಲಿಲ್ಲ. 1847ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಬಾಣಂತಿಯರನ್ನು ಮುಟ್ಟುವ ಮೊದಲು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದ. ಆ ವರ್ಷದ ಏಪ್ರಿಲ್‌ನಲ್ಲಿ ಅವನ ವಿಭಾಗದಲ್ಲಿ ನೂರಕ್ಕೆ ಸುಮಾರು 18 ಬಾಣಂತಿಯರು ಸತ್ತಿದ್ದರು. ಜೂನ್ ತಿಂಗಳಿಗೆ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಬದಲಾದದ್ದು ಕೈ ತೊಳೆಯುವ ಅಭ್ಯಾಸ! ಆಸ್ಪತ್ರೆಗೆ ಅನ್ವಯಿಸುವ ಈ ಪಾಠ ಕೊಟ್ಟಿಗೆಗೂ ಅನ್ವಯಿಸುತ್ತದೆ.

ಹಾಲು ಕರೆಯುವಾಗ ಏಳು ಹೆಜ್ಜೆ

ಪ್ರತಿ ಹೆಜ್ಜೆಗೂ ಒಂದು ಕಾರಣವಿದೆ. ಕಾರಣ ತಿಳಿದರೆ ಹೆಜ್ಜೆ ಮರೆಯುವುದಿಲ್ಲ.

1. ಕೊಟ್ಟಿಗೆ ಒಣಗಿರಲಿ. ಕರೆಯುವ ಮೊದಲು ಸಗಣಿ ಬಾಚಿ, ಗಂಜಲ ಹರಿದುಹೋಗುವಂತೆ ಮಾಡಬೇಕು. ರೋಗಾಣುಗಳಿಗೆ ತೇವ ಬೇಕು. ನೆಲ ಒಣಗಿದ್ದರೆ ಅವು ಹೆಚ್ಚುವುದಿಲ್ಲ. ಹಸುವನ್ನು ಗದರಿಸಬಾರದು.

2. ಕೈ ತೊಳೆಯಿರಿ. ಸೋಪು ಹಚ್ಚಿ ಮೊಣಕೈವರೆಗೆ ತೊಳೆದು ಒರೆಸಿಕೊಳ್ಳಬೇಕು. ಉಗುರು ಕತ್ತರಿಸಿರಬೇಕು. ಒಂದು ಹಸುವಾದ ಮೇಲೆ ಇನ್ನೊಂದಕ್ಕೆ ಹೋಗುವಾಗ ಮತ್ತೆ ತೊಳೆಯಬೇಕು.

3. ತೊಟ್ಟು ಒರೆಸಿ ಒಣಗಿಸಿ. ಬರೀ ನೀರು ಎರಚಿ ಬಿಟ್ಟರೆ ಕೆಚ್ಚಲಿನ ಕೊಳೆಯೆಲ್ಲ ಕರಗಿ ತೊಟ್ಟಿನ ತುದಿಗೇ ಇಳಿಯುತ್ತದೆ. ತೊಳೆದರೆ ಒರೆಸಲೇಬೇಕು. ಒಂದು ಹಸುವಿಗೆ ಒಂದು ಬಟ್ಟೆ. ಬಳಸಿದ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಹಾಕಿ ಒಗೆದು ಬಿಸಿಲಿಗೆ ಒಣಹಾಕಬೇಕು.

4. ಮೊದಲ ಹಿಂಡಿಕೆಯನ್ನು ನೋಡಿ. ಲೋಟದ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ಮೊದಲ ಎರಡು ಮೂರು ಹಿಂಡಿಕೆಯನ್ನು ಅದಕ್ಕೆ ಹಿಂಡಿ. ಹಾಲಿನಲ್ಲಿ ಗಂಟು, ಚೂರು ಇದ್ದರೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ನೆಲಕ್ಕೆ ಹಿಂಡಬಾರದು. ಹಿಂಡಿದರೆ ರೋಗಾಣುವನ್ನು ನಾವೇ ಬಿತ್ತಿದಂತೆ.

5. ಮುಷ್ಟಿಯಿಂದ ಕರೆಯಿರಿ. ಹೆಬ್ಬೆರಳು ಮಡಿಸಿ ತೊಟ್ಟನ್ನು ಜಗ್ಗಿ ಎಳೆದರೆ ಒಳಗೆ ಗಾಯವಾಗುತ್ತದೆ. ಐದೂ ಬೆರಳಿನಿಂದ ತೊಟ್ಟು ಹಿಡಿದು ಮೇಲಿನಿಂದ ಕೆಳಕ್ಕೆ ಒತ್ತಬೇಕು. ಕೈ ಜಾರಲೆಂದು ಬೆರಳನ್ನು ಹಾಲಿನಲ್ಲಿ ಅದ್ದಬಾರದು. ಆಕ್ಸಿಟೋಸಿನ್ ಪ್ರಭಾವ ಇರುವಾಗಲೇ, ಅಂದರೆ ಏಳೆಂಟು ನಿಮಿಷದೊಳಗೆ ಕರೆದು ಮುಗಿಸಬೇಕು.

6. ತೊಟ್ಟನ್ನು ಔಷಧದಲ್ಲಿ ಅದ್ದಿ. ಕರೆದ ಕೂಡಲೇ ಪ್ರತಿ ತೊಟ್ಟನ್ನೂ ಅಯೋಡಿನ್ ಇರುವ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಇದಕ್ಕೆಂದೇ ತಯಾರಿಸಿದ ದ್ರಾವಣವನ್ನು ಪಶುವೈದ್ಯರನ್ನು ಕೇಳಿ ತರಬೇಕು. ಗಾಯಕ್ಕೆ ಹಚ್ಚುವ ಔಷಧವನ್ನು ನಾವೇ ಕಲಸಿ ಬಳಸಬಾರದು. ಇಂಗ್ಲೆಂಡಿನ ರೆಡಿಂಗ್ ಬಳಿಯ ಹೈನು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1960ರ ದಶಕದಲ್ಲಿ ಈ ಕ್ರಮವನ್ನು ಪರೀಕ್ಷಿಸಿದರು. ತೊಟ್ಟು ಅದ್ದುವುದರಿಂದ ಹೊಸದಾಗಿ ರೋಗ ತಗಲುವುದು ಸುಮಾರು ಅರ್ಧದಷ್ಟು ತಗ್ಗುತ್ತದೆ.

7. ಹಸುವನ್ನು ನಿಲ್ಲಿಸಿ. ಕರೆದ ಮೇಲೆ ಹಸಿ ಮೇವನ್ನೋ ಹುಲ್ಲನ್ನೋ ಮುಂದೆ ಹಾಕಬೇಕು. ಹಸು ತಿನ್ನುತ್ತಾ ನಿಂತಿರುತ್ತದೆ. ಅಷ್ಟರಲ್ಲಿ ತೊಟ್ಟಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಮೇವು ಹಾಕುವ ಹೊತ್ತನ್ನು ಬದಲಿಸಿದರೆ ಸಾಕು.

ಇನ್ನೂ ಒಂದು ಮಾತು. ಆರೋಗ್ಯವಾದ ಹಸುವನ್ನು ಮೊದಲು ಕರೆಯಬೇಕು. ಕಾಯಿಲೆಯ ಹಸುವನ್ನು ಕೊನೆಗೆ ಕರೆಯಬೇಕು. ಯಂತ್ರದಿಂದ ಕರೆಯುವವರಿಗೂ ಈ ಕ್ರಮ ಅನ್ವಯಿಸುತ್ತದೆ. ಹಾಲು ನಿಂತ ಮೇಲೂ ಯಂತ್ರವನ್ನು ಬಿಟ್ಟರೆ ತೊಟ್ಟಿನ ತುದಿಗೆ ಪೆಟ್ಟಾಗುತ್ತದೆ.

ಒಂದು ತೊಟ್ಟಿನ ಬೆಲೆ ಎಷ್ಟು?

ಲೆಕ್ಕ ಹಾಕೋಣ. ಒಂದು ಹಸು ದಿನಕ್ಕೆ 8 ಲೀಟರ್ ಹಾಲು ಕೊಡುತ್ತದೆ ಎಂದುಕೊಳ್ಳಿ. ಮುಂದಿನ ಒಂದು ಭಾಗದ ಪಾಲು ನೂರಕ್ಕೆ 20. ಅಂದರೆ 1.6 ಲೀಟರ್. ಕರೆಯುವ 300 ದಿನಗಳಿಗೆ 480 ಲೀಟರ್. ಲೀಟರಿಗೆ 35 ರೂಪಾಯಿ ಎಂದು ಇಟ್ಟುಕೊಂಡರೆ 16,800 ರೂಪಾಯಿ! ನಿಮ್ಮ ಊರಿನ ಡೈರಿಯ ದರ ಹಾಕಿ ನೀವೇ ಮತ್ತೊಮ್ಮೆ ಲೆಕ್ಕ ಮಾಡಿ.

ಔಷಧದ ವಿಷಯದಲ್ಲಿ ಎಚ್ಚರ

ಬಾವು ಕಂಡ ದಿನವೇ ಪಶುವೈದ್ಯರಿಗೆ ತಿಳಿಸಬೇಕು. 1962 ಪಶು ಸಹಾಯವಾಣಿಯ ಸಂಖ್ಯೆ. ಲೋಳೆಸರ, ಅರಿಶಿನ ಮತ್ತು ಸುಣ್ಣವನ್ನು ಅರೆದು ಕೆಚ್ಚಲಿಗೆ ಹಚ್ಚುವ ವಿಧಾನವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ರೈತರಿಗೆ ಹೇಳಿಕೊಡುತ್ತಿದೆ. ಹಚ್ಚಬಹುದು. ಆದರೆ ಹಚ್ಚಿದೆವೆಂದು ವೈದ್ಯರನ್ನು ಕರೆಯಲು ತಡ ಮಾಡಬಾರದು. ತಡವಾದಷ್ಟೂ ಹಾಲಿನ ಗೂಡುಗಳು ಹಾಳಾಗುತ್ತವೆ.

ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರೆ ಅವರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಊತ ಇಳಿಯಿತೆಂದು ನಡುವೆ ನಿಲ್ಲಿಸಿದರೆ ಗಟ್ಟಿಮುಟ್ಟಾದ ರೋಗಾಣುಗಳು ಉಳಿದು ಬೆಳೆಯುತ್ತವೆ. ಮುಂದೆ ಅವು ಔಷಧಕ್ಕೂ ಬಗ್ಗುವುದಿಲ್ಲ. ಔಷಧ ಕೊಡುವ ದಿನಗಳಲ್ಲೂ ಅನಂತರ ವೈದ್ಯರು ಹೇಳಿದ ದಿನಗಳವರೆಗೂ ಆ ಹಸುವಿನ ಹಾಲನ್ನು ಡೈರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು. ಔಷಧದ ಅಂಶವಿರುವ ಹಾಲಿಗೆ ಹೆಪ್ಪು ಹಾಕಿದರೆ ಸರಿಯಾಗಿ ಮೊಸರಾಗುವುದಿಲ್ಲ. ಏಕೆ ಗೊತ್ತೆ? ರೋಗಾಣುವನ್ನು ಕೊಲ್ಲುವ ಔಷಧ ಮೊಸರು ಮಾಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸುವಾಗಲೂ ರೋಗ ತಗಲುವ ಸಂಭವ ಹೆಚ್ಚು. ಆಗ ಕೊಡಬೇಕಾದ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಕೊಟ್ಟಿಗೆಯಿಂದ ಲೋಟದವರೆಗೆ

ಹಾಲು ಕರೆದಾಯಿತು. ಇನ್ನು ತಡಮಾಡದೆ ಡೈರಿಗೆ ಒಯ್ಯಬೇಕು. ಬೆಚ್ಚಗಿನ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಮೂರು ಗಂಟೆಯಲ್ಲಿ 512 ಆಗುತ್ತದೆ. ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ! ಅದಕ್ಕೇ ಸಂಗ್ರಹಿಸಿದ ಹಾಲನ್ನು ಶೀತಲ ಕೇಂದ್ರಗಳಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡುತ್ತಾರೆ. ತಂಪು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅದರ ಬೆಳವಣಿಗೆಯನ್ನು ತಡೆಯುತ್ತದೆ. ಕುದಿಸಿದರೆ ಅಥವಾ ಪಾಶ್ಚರೀಕರಣ ಮಾಡಿದರೆ ರೋಗಾಣುಗಳು ಸಾಯುತ್ತವೆ. ಆದರೆ ಕೆಚ್ಚಲಿನಲ್ಲೇ ಕೆಟ್ಟ ಹಾಲನ್ನು ಯಾವ ಯಂತ್ರವೂ ಮತ್ತೆ ಒಳ್ಳೆಯ ಹಾಲಾಗಿ ಮಾಡಲಾರದು.

2013ರ ಆಗಸ್ಟ್ 1ರಂದು ನಮ್ಮ ರಾಜ್ಯದಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾಯಿತು. ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲನ್ನು ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಯೋಜನೆ ಇದು. ಆ ಪುಡಿಯೂ ಒಂದು ದಿನ ಯಾವುದೋ ಊರಿನ ಕೊಟ್ಟಿಗೆಯಲ್ಲಿ ಯಾರೋ ಕರೆದ ಹಾಲಾಗಿತ್ತು. ನಿಮ್ಮ ಲೋಟದ ಹಾಲು ಯಾರ ಕೈಯಿಂದ ಬಂದಿತೋ ನಿಮಗೆ ತಿಳಿಯದು. ನಿಮ್ಮ ಮನೆಯ ಹಾಲನ್ನು ಯಾವ ಮಗು ಕುಡಿಯುವುದೋ ಅದೂ ತಿಳಿಯದು.

ಆ ಹುಡುಗಿಯ ಮನೆಯ ಕಥೆ ಏನಾಯಿತು? ಹಳೆಯ ಹಸುವಿನ ಒಣಗಿದ ತೊಟ್ಟಿನಲ್ಲಿ ಮತ್ತೆ ಹಾಲು ಬರಲಿಲ್ಲ. ಹಾಳಾದ ಗೂಡುಗಳು ಮರಳಿ ಬರುವುದಿಲ್ಲ. ಆದರೆ ಚಿಕಿತ್ಸೆಯ ನಂತರ ಹೊಸ ಹಸುವಿನ ನಾಲ್ಕೂ ಭಾಗಗಳ ಹಾಲು ಪರೀಕ್ಷೆಯಲ್ಲಿ ನೀರಿನಂತೆ ಹರಿಯಿತು. ಮುಂದಿನ ಸಲ ನಾನು ಹೋದಾಗ ಕೊಟ್ಟಿಗೆಯ ಕಂಬದಲ್ಲಿ ಎರಡು ಮೊಳೆಗಳಿದ್ದವು. ಎರಡು ಒಗೆದ ಬಟ್ಟೆಗಳು ಬೇರೆ ಬೇರೆಯಾಗಿ ನೇತಾಡುತ್ತಿದ್ದವು. “ಒಂದು ಕೆಂಪಿದು, ಒಂದು ಬಿಳೀದು. ಅದಲುಬದಲು ಮಾಡಂಗಿಲ್ಲ ಸಾರ್” ಎಂದಳು ಹುಡುಗಿ. ಅಜ್ಜಿ ಒಳಗಿನಿಂದ, “ಅವಳೇ ಈಗ ನನಗೆ ಮೇಷ್ಟ್ರು” ಎಂದು ನಕ್ಕರು.

ಯೋಚಿಸಿ, ಉತ್ತರಿಸಿ
1. ಹಾಲು ಕರೆದ ಕೂಡಲೇ ಹಸುವಿಗೆ ಮೇವು ಹಾಕುವುದರಿಂದ ಕೆಚ್ಚಲು ಬಾವು ಹೇಗೆ ಕಡಿಮೆಯಾಗುತ್ತದೆ?
2. ಒಂದು ತೊಟ್ಟಿಗೆ ಬಾವು ಬಂದರೂ ಉಳಿದ ಮೂರರಲ್ಲಿ ಒಳ್ಳೆಯ ಹಾಲು ಬರಬಹುದು. ಏಕೆ?
3. ಸೋಪಿನ ಪರೀಕ್ಷೆಯಲ್ಲಿ ಲೋಳೆಯಾಗುವುದು ಹಾಲಿನ ಯಾವ ಅಂಶದಿಂದ?
4. ಕಾಯಿಲೆಯ ಹಸುವನ್ನು ಕೊನೆಯಲ್ಲಿ ಕರೆಯಬೇಕು ಎನ್ನುವುದೇಕೆ?

ಚಟುವಟಿಕೆ
ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಹಾಲು ಕರೆಯುವುದನ್ನು ಮೂರು ದಿನ ಗಮನಿಸಿ. ಏಳು ಹೆಜ್ಜೆಗಳಲ್ಲಿ ಯಾವುವು ನಡೆಯುತ್ತಿವೆ, ಯಾವುವು ಇಲ್ಲ ಎಂದು ಪಟ್ಟಿ ಮಾಡಿ. ಕರೆದ ಎಷ್ಟು ನಿಮಿಷಕ್ಕೆ ಹಸು ಮಲಗುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಪಟ್ಟಿಯನ್ನು ತರಗತಿಯಲ್ಲಿ ಓದಿ ಚರ್ಚಿಸಿ. ಮನೆಯಲ್ಲಿ ಹೇಳುವಾಗ ಮಾತ್ರ ದೊಡ್ಡವರ ತಪ್ಪು ಹುಡುಕಬೇಡಿ, ಕಾರಣವನ್ನು ವಿವರಿಸಿ.